ಬದಲಿ ಆಗದ ಗಾಡಿ

ನಮ್ಮ ಕಡೆ ‘ಬದಲಿ’ ಅಂದರೆ ವರ್ಗಾವಣೆ. ಮೇಲಿನ ಕಚೇರಿಯವರು ಆದೇಶದಲ್ಲಿ ಏನು ಬೇಕಾದರೂ ಬರೆಯಲಿ, ಜನರ ಬಾಯಲ್ಲಿ ಮಾಸ್ತರರದೂ ಬದಲಿಯೇ, ಪೊಲೀಸರದೂ ಬದಲಿಯೇ, ನರ್ಸಬಾಯಿಯದೂ ಬದಲಿಯೇ. ಆ ನರ್ಸಬಾಯಿ ನಾನು. ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನೌಕರಿಗೆ ಸೇರಿದವಳು, ಅಲ್ಲಿಂದ ಸವಣೂರಿಗೆ, ಸವಣೂರಿನಿಂದ ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಗೆ, ಅಲ್ಲಿಂದ ಹಾನಗಲ್ ತಾಲ್ಲೂಕಿನ ತಿಳವಳ್ಳಿಗೆ ಬಂದೆ. ಪ್ರತಿ ಬದಲಿಗೂ ನಾನೇ ಟಂಟಂ ರಿಕ್ಷಾ ಗೊತ್ತು ಮಾಡಿದ್ದೇನೆ, ನಾನೇ ಗ್ಯಾಸಿನ ಒಲೆ, ಟ್ರಂಕು, ಕುಕ್ಕರು ಹೇರಿಸಿದ್ದೇನೆ, ಹೊಸ ಊರಿನಲ್ಲಿ ಕಸ ಹೊಡೆದು ನಾನೇ ಇಳಿಸಿಕೊಂಡಿದ್ದೇನೆ. ಒಬ್ಬಳ ಸಾಮಾನು, ಹೊತ್ತು ಹಿಡಿಯುವುದಿಲ್ಲ.

ನಮ್ಮ ಮನೆಯವರು ಸೈನ್ಯದಲ್ಲಿ ಡ್ರೈವರ್ ಆಗಿದ್ದರು. ಲಾರಿ ಜೀಪು ಅಲ್ಲ. ಸಿಪಾಯಿಗಳನ್ನು ಹೊಟ್ಟೆಯೊಳಗೆ ಕೂರಿಸಿಕೊಂಡು ಗುಂಡಿನ ನಡುವೆಯೇ ಒಯ್ದು ಇಳಿಸುವ ಉಕ್ಕಿನ ಗಾಡಿ. ಗಾಲಿಗಳ ಸುತ್ತ ಚೈನು ಇರುತ್ತದೆ, ತಲೆಯ ಮೇಲೆ ತೋಪು ಇರುತ್ತದೆ, ಹೊಳೆ ಬಂದರೆ ಈಜುತ್ತದೆ. ನೋಡಿದವರೆಲ್ಲ ಅದನ್ನು ಟ್ಯಾಂಕ್ ಅನ್ನುತ್ತಾರೆ. ಅದು ಟ್ಯಾಂಕ್ ಅಲ್ಲ ಎಂದು ಮದುವೆಯಾದ ಹೊಸದರಲ್ಲಿ ಅವರು ನನಗೆ ಎಷ್ಟು ತಿಳಿಸಿ ಹೇಳಿದ್ದರೆಂದರೆ, ಬೇರೆ ಏನನ್ನೂ ಅಷ್ಟು ಹೇಳಲಿಲ್ಲ. ನಮ್ಮ ದೊಡ್ಡಪ್ಪನಂತೂ ಮದುವೆಯ ಚಪ್ಪರದಲ್ಲಿ ಬಂದವರಿಗೆಲ್ಲ “ಅಳಿಯಾ ಮಿಲ್ಟ್ರಿಯೊಳಗ ಟ್ಯಾಂಕರ್ ಓಡಸ್ತಾನ್ರಿ” ಎಂದು ಸಾರಿದ. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಮಂದಿ, ಅವರೂ ಅದನ್ನೇ ತಿಳಿದುಕೊಂಡು “ಛಲೋ ಕೆಲಸರಿ, ಪುಣ್ಯಾದ ಕೆಲಸ” ಎಂದು ಅಕ್ಷತೆ ಹಾಕಿ ಹೋದರು.

ಮೊದಲ ರಜೆ ಮುಗಿಸಿ ಹೊರಡುವಾಗ ಅವರು ಒಂದು ಮಾತು ಕೊಟ್ಟಿದ್ದರು. “ಈಗಿನ ಗಾಡಿ ಹಳೇವಾಗ್ಯಾವು. ಹೊಸಾವು ಬರೂವದಾವು. ಅವು ಬಂದ್ವು ಅಂದ್ರ ನಾ ಕಲ್ತು, ಹಿಂದ ಬರೂ ಹುಡುಗೂರಿಗೂ ಕಲಿಸಿ, ಪೆನ್ಶನ್ ತಗೊಂಡು ಬಂದಬಿಡ್ತೇನಿ. ಆಮ್ಯಾಲ ನೀ ಎಲ್ಲಿ ಇರ್ತಿ ಅಲ್ಲೇ ನಾನೂ.” ನಾನು ನಂಬಿದೆ. ಹಳೆಯದಾದ ಮೇಲೆ ಹೊಸದು ಬರಲೇಬೇಕಲ್ಲ, ಅದರಲ್ಲಿ ನಂಬದಿರುವುದಕ್ಕೆ ಏನಿದೆ? ಹೀಗೆ ನನ್ನ ಸಂಸಾರ ಒಂದು ಗಾಡಿಯ ಬದಲಿಗೆ ಗಂಟುಬಿತ್ತು.

ಫೋನ್ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದುದು ಅದನ್ನೇ.

“ನಿಮ್ಮ ಗಾಡಿದು ಬದಲಿ ಆತೇನ್ರಿ?”

“ಇನ್ನೂ ಇಲ್ಲ. ಮ್ಯಾಲ ವಿಚಾರ ನಡದೈತಂತ.”

“ನಂದು ನೋಡ್ರಿ, ಸಾಹೇಬರ ಮುಂದ ಒಂದಿಷ್ಟು ಅತ್ತು ಕರದು ಮಾಡಿಸಿಕೊಂಡೆ. ನಿಮ್ಮ ಗಾಡಿಗೆ ಹೇಳವರು ಕೇಳವರು ಯಾರೂ ಇಲ್ಲೇನು?”

ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಫೋನ್ ಇಟ್ಟ ಮೇಲೆ ಉಪಕೇಂದ್ರದ ಕ್ವಾರ್ಟರ್ಸಿನಲ್ಲಿ ಫ್ರಿಜ್ಜಿನ ಸದ್ದು ಒಂದೇ ಇರುತ್ತಿತ್ತು. ಅದೂ ಲಸಿಕೆಯ ಫ್ರಿಜ್ಜು, ಸರ್ಕಾರದ್ದು.

ಹೊಸ ಗಾಡಿ ತರುವುದು ಅಷ್ಟು ಸಲೀಸಲ್ಲ ಎಂಬುದು ನನಗೆ ನಿಧಾನವಾಗಿ ತಿಳಿಯಿತು. ರಜೆಗೆ ಬಂದಾಗ ನಾವು ಇರುತ್ತಿದ್ದುದು ಹಿರೇಕೆರೂರು ಕಡೆಯ ಅವರ ಊರಿನಲ್ಲಿ, ಅತ್ತೆಯವರ ಹತ್ತಿರ. ಒಮ್ಮೆ ಪಡಸಾಲೆಯಲ್ಲಿ ಕುಳಿತು ಗೋವಿನಜೋಳದ ತೆನೆ ಬಿಡಿಸುತ್ತ ಅವರು ವಿವರಿಸಿದರು. ಹೊಸ ಗಾಡಿಯ ಮೈ ದಪ್ಪಗಿರಬೇಕು, ಈಗಿನ ಗುಂಡು ಮೊದಲಿನಂತಲ್ಲ. ದಪ್ಪಗಾದರೆ ತೂಕ ಹೆಚ್ಚು. ತೂಕ ಹೆಚ್ಚಾದರೆ ನೀರಿನಲ್ಲಿ ಮುಳುಗುತ್ತದೆ, ಆದರೆ ಈಜಲೇಬೇಕು. ಮರಳಿನಲ್ಲಿ ಹೂತುಕೊಳ್ಳಬಾರದು, ಗಾಳಿ ತೆಳುವಾದ ಗುಡ್ಡದಲ್ಲಿ ಇಂಜಿನ್ ಉಸಿರು ಕಟ್ಟಬಾರದು, ಕತ್ತಲಲ್ಲಿ ಕಣ್ಣು ಕಾಣಬೇಕು, ಮೇಲಿನಿಂದ ಡ್ರೋನ್ ಬಂದರೆ ಗೊತ್ತಾಗಬೇಕು. ನಮ್ಮ ದೇಶದಲ್ಲೇ ತಯಾರಾಗಬೇಕು. ಮತ್ತೆ ರೇಟೂ ಜಾಸ್ತಿ ಇರಬಾರದು. ಇಷ್ಟನ್ನೂ ಬರೆದು ಕಳಿಸಿ, ಮಾಡಿಸಿ, ಪರೀಕ್ಷೆ ಮಾಡುವ ಹೊತ್ತಿಗೆ ಯುದ್ಧದ ರೀತಿಯೇ ಬದಲಾಗಿ ಇನ್ನೊಂದು ಬೇಕೆನಿಸುತ್ತದೆ.

ಆಗ ಅತ್ತೆಯವರು ಮೈದುನನಿಗೆ ಕನ್ಯಾ ನೋಡುತ್ತಿದ್ದರು. ಹುಡುಗಿ ಕಲಿತಿರಬೇಕು, ಹೊಲದ ಕೆಲಸವೂ ಬರಬೇಕು. ನೌಕರಿ ಇರಬೇಕು, ಮನೆ ಬಿಟ್ಟು ಹೋಗಬಾರದು. ಬಾಯಿ ಇರಬೇಕು, ಅತ್ತೆಯ ಮುಂದೆ ಇರಬಾರದು. ನಾನು ತೆನೆ ಬುಟ್ಟಿಗೆ ಹಾಕುತ್ತ ಹೇಳಿದೆ, “ಹಂಗಾರ ನಿಮ್ಮ ಮಂದೀನೂ ಅತ್ತಿಯಾರಂಗ ಕನ್ಯಾ ನೋಡಾಕತ್ತಾರ ಅನ್ರಿ.” ಅತ್ತೆಯವರು ಒಳಗಿಂದಲೇ “ನನ್ನ ಸುದ್ದಿ ಏನದು?” ಅಂದರು. ನಮ್ಮವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಮಧ್ಯಾಹ್ನ ನನಗೆ ಬಹಳ ಪ್ರೀತಿಯದು. ಇಬ್ಬರೂ ಕೂಡಿ ಒಂದೇ ಮಾತಿಗೆ ನಕ್ಕ ಮಧ್ಯಾಹ್ನಗಳು ನಮ್ಮ ಬಾಳಿನಲ್ಲಿ ಬಹಳ ಇಲ್ಲ. ಮುಂದೆ ಮೈದುನನ ಮದುವೆಯಾಯಿತು, ಅವನಿಗೆ ಎರಡು ಮಕ್ಕಳೂ ಆದವು. ಗಾಡಿಯ ಕನ್ಯಾ ಮಾತ್ರ ಕೂಡಿಬರಲಿಲ್ಲ. ನಮಗೂ ಮಕ್ಕಳಾಗಲಿಲ್ಲ. ಊರೂರಿನ ಕೂಸುಗಳಿಗೆ ಸೂಜಿ ಚುಚ್ಚುತ್ತ ಅದನ್ನು ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ.

ಸವಣೂರಿನಲ್ಲಿ ಇದ್ದಾಗಿನ ಒಂದು ಸಂಗತಿ ಹೇಳಬೇಕು. ಅಲ್ಲಿ ಕ್ವಾರ್ಟರ್ಸ್ ಇರಲಿಲ್ಲ, ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಗೋಡೆಯಾಚೆ ಒಬ್ಬ ಚಾಚಿ ಇದ್ದಳು. ಅವಳ ಮನೆಯವರದು ವೀಳ್ಯದೆಲೆಯ ವ್ಯಾಪಾರ. ಚಾಚಿ ನಮ್ಮ ಕಟ್ಟೆಯ ಮೇಲೆ ಕುಳಿತು ಎಲೆ ಆರಿಸಿ ಕಟ್ಟು ಕಟ್ಟುತ್ತಿದ್ದಳು, ನಾನು ಮಗ್ಗುಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಫೋನ್ ಬಂದರೆ ಸ್ಪೀಕರ್ ಹಚ್ಚಿ ನೆಲದ ಮೇಲೆ ಇಡುತ್ತಿದ್ದೆ, ನಮ್ಮ ಮಾತಿನಲ್ಲಿ ಮುಚ್ಚಿಡುವುದು ಏನೂ ಇರುತ್ತಿರಲಿಲ್ಲ. ಒಂದು ದಿನ ಮಾತಿನ ನಡುವೆ ಅವರು ಪಕ್ಕದ ಜೊತೆಗಾರನಿಗೆ ಹಿಂದಿಯಲ್ಲಿ ಏನೋ ಜೋರಾಗಿ ಹೇಳಿದರು. “ಬುಡ್ಢೀ ಹೋ ಗಯೀ ಯಾರ್, ಔರ್ ಕಿತನಾ ಖೀಂಚೇಗೀ? ನಯೀ ಆ ಜಾಯೇ ತೋ ಇಸಕೋ ಛೋಡ್ ದೂಂ.” ಮುದುಕಿಯಾಗಿದ್ದಾಳೆ, ಇನ್ನೆಷ್ಟು ಎಳೆದಾಳು, ಹೊಸಬಳು ಬಂದರೆ ಇವಳನ್ನು ಬಿಟ್ಟುಬಿಡುತ್ತೇನೆ. ಹಿಂದಿಯಲ್ಲಿ ಗಾಡಿ ಹೆಣ್ಣು. ಕನ್ನಡದಲ್ಲಿ ಗಾಡಿ ಬರೀ ಗಾಡಿ, ಅದು ಬರುತ್ತದೆ, ಅದು ಹೋಗುತ್ತದೆ. ಅದು ಗಾಡಿಯ ಮಾತೆಂದು ನನಗೆ ಅವರ ಮಾತಿನ ರೂಢಿಯಿಂದ ತಿಳಿಯಿತು. ಚಾಚಿಗೆ ಭಾಷೆ ತಿಳಿಯಿತು, ಗಾಡಿ ತಿಳಿಯಲಿಲ್ಲ.

ಅಂದಿನಿಂದ ಚಾಚಿ ನನ್ನ ಮುಖ ನೋಡುವುದನ್ನೇ ಬಿಟ್ಟಳು. ಹೊತ್ತಿಗೆ ಸರಿಯಾಗಿ ಒಂದು ಬಟ್ಟಲು ಶ್ಯಾವಿಗೆ ಖೀರು, ಇನ್ನೊಂದು ದಿನ ರೊಟ್ಟಿಯ ಜೊತೆ ಪುಂಡಿಪಲ್ಯ, ಹೀಗೆ ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಕಡೆಗೆ ತಡೆಯಲಾರದೆ ಕಟ್ಟೆಗೆ ಬಂದು ನನ್ನ ಕೈ ಹಿಡಿದುಕೊಂಡಳು.

“ಬೇಟಿ, ಗಂಡಸೂರ ಜಾತೀನ ಹಂಗ. ನೀ ಎದಿ ಒಡಕೋಬ್ಯಾಡ. ನಿನ್ನ ಕೈಯಾಗ ಸರ್ಕಾರಿ ನೌಕರಿ ಐತಿ. ಹೊಸಾಕಿನ್ನ ತರ್ತಾನಂದ್ರ ತರವಲ್ಲನ್ಯಾಕ. ನಾ ಅದೇನಿ ನಿನಗ.”

ಏನೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಹೊಟ್ಟೆ ಹಿಡಿದು ನಕ್ಕೆ. ಚಾಚಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ನಂಬಲಿಲ್ಲ. “ಲೋಹದ ಗಾಡಿಗೆ ಮುದುಕಿ ಅಂತ ಯಾರರ ಅಂತಾರೇನವಾ?” ಎಂದು ಎಲೆ ಕಟ್ಟಲು ಹೋದಳು. ಅವಳು ಹೋದ ಮೇಲೆ ನನಗೆ ಅಳು ಬಂತು. ಚಾಚಿ ಹೇಳಿದ್ದರಲ್ಲಿ ತಪ್ಪಾದರೂ ಏನಿತ್ತು? ನಮ್ಮವರು ಇದ್ದುದು ಆ ಮುದುಕಿಯ ಜೊತೆಗೆ. ಅದಕ್ಕೆ ಜ್ವರ ಬಂದರೆ ಅವರಿಗೆ ಗೊತ್ತಾಗುತ್ತಿತ್ತು. ನನಗೆ ಚಿಕೂನ್‌ಗುನ್ಯಾ ಬಂದು ಗೋಡೆ ಹಿಡಿದು ನಡೆದದ್ದು ಅವರಿಗೆ ತಿಳಿದದ್ದು ಕೈಕಾಲು ಸರಿಹೋದ ಮೇಲೆ.

ಒಂದೇ ಒಂದು ಸಲ ಆ ಗಾಡಿಯನ್ನು ನಾನು ಕಣ್ಣಾರೆ ನೋಡಿದೆ. ಮರಳುಗಾಡಿನ ಅಂಚಿನ ಅವರ ದಂಡಿನಲ್ಲಿ ಸಿಪಾಯಿಗಳ ಮನೆಮಂದಿಗೆಂದು ಒಂದು ದಿನ ಎಲ್ಲ ತೆರೆದು ತೋರಿಸಿದರು. ನಾನು ರಜೆ ಹಾಕಿ ರೈಲಿನಲ್ಲಿ ಹೋಗಿದ್ದೆ. ದೂರದಿಂದ ನೋಡಿದರೆ ಎದೆ ಝಲ್ಲೆನ್ನುವ ಗಾಡಿ. ಹತ್ತಿರ ಹೋದರೆ ಬಣ್ಣದ ಮೇಲೆ ಬಣ್ಣ, ಬೆಸುಗೆಯ ಮೇಲೆ ಬೆಸುಗೆ. ಹಿಂಬಾಗಿಲು ತೆರೆದರು. ಒಳಗೆ ಸಿಪಾಯಿಗಳು ಬೆನ್ನಿಗೆ ಬೆನ್ನು ಹಚ್ಚಿ ಕೂರುವ ಸೀಟುಗಳು, ನಮ್ಮ ಮನೆಯಲ್ಲಿ ಊಟದ ತಾಟು ಇಡುವ ಅಡ್ಡಣಿಗೆಯಷ್ಟೇ ಅಗಲ. ಬಾಗಿಲಿನ ಹೊಟ್ಟೆಯೊಳಗೂ ಡೀಸೆಲ್ ತುಂಬುತ್ತಾರೆಂದು ಕೇಳಿ ನಾನು ಕೈ ಹಿಂದೆಗೆದೆ. “ಅದಕ್ಕs ಹೊಸಾದು ಬೇಕು ಅನ್ನೂದು” ಅಂದರು ಅವರು. ಒಂದು ಗಾಡಿ ಓಡಬೇಕಾದರೆ ಕೆಲವೊಮ್ಮೆ ನಿಂತ ಇನ್ನೊಂದರ ಸಾಮಾನು ಬಿಚ್ಚಿ ಹಾಕಬೇಕು, ಹೊರದೇಶದಿಂದ ಬರುತ್ತಿದ್ದ ಬಿಡಿಭಾಗ ಈಗ ಬರುವುದು ಕಷ್ಟ, ಕೆಲವನ್ನು ಇಲ್ಲೇ ಮಾಡಿಸಿದರೂ ಹಳೆಯದಕ್ಕೆ ಸರಿಯಾಗಿ ಕೂಡುವುದಿಲ್ಲ. ನನಗೆ ಇದು ಹೊಸದೇನೂ ಅನಿಸಲಿಲ್ಲ. ನಮ್ಮ ದವಾಖಾನೆಯ ಅಂಗಳದಲ್ಲೂ ಬೇವಿನ ಮರದ ಕೆಳಗೆ ಕೆಟ್ಟು ಕಂಡಂ ಆದ ಒಂದು ಜೀಪು ಇತ್ತು, ಅದರ ಒಂದೊಂದೇ ಭಾಗ ಇನ್ನೊಂದು ಜೀಪಿಗೆ ನಡೆದು ಹೋಗಿತ್ತು.

ಆಮೇಲೆ ನನ್ನನ್ನು ಮೇಲೆ ಹತ್ತಿಸಿ, ಮುಂದಿನ ಮುಚ್ಚಳ ತೆಗೆದು ತಾವು ಕೂರುವ ಜಾಗ ತೋರಿಸಿದರು. ಒಬ್ಬ ಮನುಷ್ಯ ಇಳಿದರೆ ಭುಜ ಎರಡೂ ಕಡೆ ತಾಗುವಷ್ಟು ಜಾಗ. ಒಂದು ಕಡೆ ಉಕ್ಕು, ಇನ್ನೊಂದು ಕಡೆ ಇಂಜಿನ್ನಿನ ಕಾವು. ಎದುರಿಗೆ ಅಂಗೈಯಗಲದ ಗಾಜುಗಳು.

“ಹಿಂದ ಅಷ್ಟು ಮಂದಿ ಇರ್ತಾರ,” ಅಂದರು. “ಆದ್ರ ನನಗ ಒಬ್ಬಾಂವನೂ ಕಾಣೂದಿಲ್ಲ. ಕಿವಿಯೊಳಗ ಮಾತು ಕೇಳಸ್ತೈತಿ, ಅಷ್ಟ.”

ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಆ ಗಳಿಗೆ ಇಳಿದುಹೋಯಿತು. ನನ್ನದೂ ಅದೇ ಅಲ್ಲವೇ, ಕಿವಿಯೊಳಗಿನ ಮಾತು? ಇಷ್ಟು ದಿನ ನಾನೊಬ್ಬಳೇ ಒಂಟಿ ಎಂದು ಕೊರಗುತ್ತಿದ್ದೆ. ಇವರೂ ಇಲ್ಲಿ ಬಿಸಿ ಡಬ್ಬಿಯೊಳಗೆ ಒಬ್ಬರೇ ಕುಳಿತಿದ್ದರು. ಹೇಳಬೇಕೆನಿಸಿತು. ಸುತ್ತ ಅವರ ಸಾಹೇಬರು, ಬೇರೆಯವರ ಹೆಂಡಂದಿರು ಇದ್ದರು. ಸೆರಗು ಸರಿಮಾಡಿಕೊಂಡು ಇಳಿದೆ.

ಹಿರೇಬೆಂಡಿಗೇರಿಯಲ್ಲಿ ಇದ್ದಾಗ ಅವರ ಸೇವೆಯ ಅವಧಿ ಮುಗಿಯುತ್ತ ಬಂತು. ಗಾಡಿ ಬರಲಿ ಬಿಡಲಿ, ಇನ್ನು ಇವರು ಬರಲೇಬೇಕು ಎಂದು ನಾನು ಎರಡನೆಯ ಮಂಚ ಕೊಂಡೆ. ಶಿಗ್ಗಾಂವಿಯಿಂದ ಅದನ್ನು ತಂದು ಇಳಿಸಿದ ವಾರವೇ ಫೋನ್ ಬಂತು. ದನಿಯಲ್ಲಿ ಹುರುಪು.

“ಬಂದ್ವು! ಪರೀಕ್ಷಾಕ್ಕ ಹೊಸಾ ಗಾಡಿ ಬಂದಾವು. ಏನ್ ಗಾಡಿ ಅಂತಿ! ಒಳಗ ಕೂತ್ರ ಸಿನಿಮಾದಂಗ ಸುತ್ತೆಲ್ಲಾ ಕಾಣತೈತಿ.”

“ಹಂಗಾರ ನೀವು ಬರೂದ್ಯಾವಾಗ್ರಿ?”

“ಇನ್ನೆರಡು ವರ್ಷ ಮುಂದುವರಸ್ತೀರೇನು ಅಂತ ಕೇಳಿದ್ರು. ಹೂಂ ಅಂದೆ.”

ನಾನು ಹೊಲದ ಬದುವಿನಲ್ಲಿ ನಿಂತಿದ್ದೆ, ಬಾಣಂತಿಯೊಬ್ಬಳನ್ನು ನೋಡಿಕೊಂಡು ಬರುತ್ತಿದ್ದೆ. ಹತ್ತಿಯ ಹೊಲದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಬಿಡಿಸುತ್ತಿದ್ದರು. ನನಗೆ ಯಾರು ಕೇಳಿಯಾರೆಂಬ ಪರಿವೆಯೂ ಉಳಿಯಲಿಲ್ಲ.

“ನನ್ನ ಒಂದ ಮಾತು ಕೇಳ್ಬೇಕಂತ ಅನಿಸ್ಲಿಲ್ಲೇನ್ರಿ? ನಾ ಒಬ್ಬಾಕೀನ ಎಷ್ಟಂತ ಇರ್ಲಿ? ನನಗ ಸಾಕಾಗೇತಿ. ಮನಿಗೆ ಬಂದ್ರ ಗ್ವಾಡಿ ಕೂಡ ಮಾತಾಡ್ತೇನಿ ನಾ.”

“ನೋಡ, ಹಳೇದನ್ನ ಉಜ್ಜಿ ಉಜ್ಜಿ ಓಡಿಸಿ ಆಯುಷ್ಯಾನs ಹೋತು. ಒಮ್ಮೆರ ಹೊಸಾದು ಓಡಸ್ತೇನಿ. ಇದೊಂದ ಆಸೆ ನಂದು.”

ಅದೊಂದೇ ಆಸೆ! ಎಷ್ಟೋ ದಿನ ಫೋನ್ ಎತ್ತಲಿಲ್ಲ. ಮಂಚದ ಮೇಲೆ ಒಗೆದ ಬಟ್ಟೆ, ಔಷಧದ ಖಾಲಿ ಪೆಟ್ಟಿಗೆ ಪೇರಿಸಿದೆ.

ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ಒಂದು ಸಂಜೆ ಮತ್ತೆ ಫೋನ್. ಎತ್ತಿದೆ.

“ಹೋದ್ವು,” ಅಂದರು.

“ಯಾವು?”

“ಹೊಸಾವು. ಮರಳಾಗ ಛಲೋ ಓಡಿದ್ವು. ನೀರಾಗ ಮೂಗು ಅದ್ದಿದ್ವು, ತೂಕಾ ಹೆಚ್ಚಾತಂತ. ತಿದ್ದಿ ತರ್ತೇವಿ ಅಂತ ವಾಪಸ್ ಒಯ್ದಾರ. ಯಾವಾಗ ಬರ್ತಾವೋ ಯಾರಿಗೂ ಗೊತ್ತಿಲ್ಲ. ಅಲ್ಲೀಮಟ ಹಳೇವಕ್ಕs ಬ್ಯಾರೆ ಇಂಜಿನ್, ಬ್ಯಾರೆ ಕಣ್ಣು ಹಾಕಿ ಓಡಸ್ತಾರಂತ.”

“ನೀವು ಓಡಿಸಿದ್ರಿಲ್ಲೋ?”

“ಇಲ್ಲ. ತಯಾರ್ ಮಾಡಿದವರ ಡ್ರೈವರ್ ಓಡಿಸಿದ. ನಾ ಹಿಂದ ಕೂತಿದ್ದೆ.”

ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. “ಊಟ ಆತೇನ್ರಿ?” ಎಂದು ಕೇಳಿದೆ.

ಮುಂದುವರಿಸಿದ ಅವಧಿಯೂ ಮುಗಿದು ಅವರು ಬಂದದ್ದು ನಾನು ತಿಳವಳ್ಳಿಗೆ ಬದಲಿಯಾದ ಮೇಲೆ. ಹಾನಗಲ್ ಬಸ್‌ಸ್ಟ್ಯಾಂಡಿಗೆ ಕರೆಯಲು ಹೋಗಿದ್ದೆ. ಹಾವೇರಿಯ ಬಸ್ಸಿನಿಂದ ಕರಿಯ ಟ್ರಂಕು ಇಳಿಸಿಕೊಂಡು ನನ್ನ ಮುಂದೆ ನಿಂತರು. ಮೀಸೆ ಬೆಳ್ಳಗಾಗಿತ್ತು.

“ಗಾಡಿದು ಬದಲಿ ಆಗ್ಲಿಲ್ಲ. ನಂದು ಆತು,” ಎಂದು ನಕ್ಕರು. “ಒಬ್ಬ ಹುಡುಗಗ ಒಪ್ಪಿಸಿ ಬಂದೆ. ಅಂವಗಿಂತ ಗಾಡೀಗೆ ವಯಸ್ಸು ಹೆಚ್ಚು.”

ನನಗೆ ನಗು ಬರಲಿಲ್ಲ. ತಿಳವಳ್ಳಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತ ಬಂದೆವು.

ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಸುಖವಾಗುತ್ತದೆ ಎಂದುಕೊಂಡಿದ್ದೆ. ಆದರೆ ಇಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದೂ ನನಗೆ ಮರೆತಿತ್ತು. ಅವರು ಹಾಸಿಗೆಯನ್ನು ಗೆರೆ ಕೊರೆದಂತೆ ಮಡಿಸಿಡುತ್ತಿದ್ದರು, ನಾನು ನಡುರಾತ್ರಿಗೂ ಮಡಿಸದವಳು. ಅವರು ಅಂಗಳದಲ್ಲಿ ಕೂತಿರುತ್ತಿದ್ದರು, ನಾನು ಅಡಿಗೆಮನೆಯಲ್ಲಿ. ಇಬ್ಬರಿಗೂ ಒಬ್ಬರೇ ಇರುವುದು ಅಭ್ಯಾಸವಾಗಿಬಿಟ್ಟಿತ್ತು. ಜಗಳವಿರಲಿಲ್ಲ. ಜಗಳವಾಡುವಷ್ಟು ಪರಿಚಯವೂ ಇರಲಿಲ್ಲ. ಅವರು ಮನೆಯಲ್ಲೇ ಇದ್ದಾಗ ನಾನು ಮೊದಲಿಗಿಂತ ಹೆಚ್ಚು ಒಂಟಿಯಾದೆ ಎಂದು ಯಾರಿಗೆ ಹೇಳಲಿ?

ಒಂದು ಲಸಿಕೆಯ ದಿನ ಅವರೇ “ನಡಿ, ಡಬ್ಬಿ ನಾ ಹಿಡೀತೇನಿ” ಅಂದರು. ನಾನು ಸ್ಕೂಟಿ ಓಡಿಸಿದೆ, ಅವರು ಹಿಂದೆ ಐಸಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಮೊದಲ ಮನೆಯಲ್ಲಿ ಬಾಣಂತಿಯ ಅತ್ತೆ ತಂಬಿಗೆಯಲ್ಲಿ ನೀರು ತಂದಿಟ್ಟು, ಅವರ ಖಾಕಿ ಪ್ಯಾಂಟು ನೋಡಿ ಕೇಳಿದಳು, “ಅಕ್ಕಾರ, ದವಾಖಾನಿಗೆ ಹೊಸಾ ಡ್ರೈವರ್ ಬಂದಾರೇನ್ರಿ?”

ನಾನು ಸಿರಿಂಜಿಗೆ ಔಷಧ ಎಳೆಯುತ್ತಿದ್ದೆ. ‘ನಮ್ಮ ಮನೆಯವರು’ ಅನ್ನುವುದು ಎಷ್ಟು ಸಣ್ಣ ಮಾತು! ಅವರನ್ನು ಮುಂದೆ ನಿಲ್ಲಿಸಿಕೊಂಡು ಆ ಮಾತು ಹೇಳಿ ನನಗೆ ರೂಢಿಯೇ ಇರಲಿಲ್ಲ. ಅಷ್ಟರಲ್ಲಿ ಅವರೇ “ಹೂಂನ್ರಿ ಯವ್ವಾ, ಹೊಸಾಂವ” ಅಂದುಬಿಟ್ಟರು.

ಮುಂದಿನ ಮನೆಯಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ ಹೇಳಿದೆ, “ಇವರು ನಮ್ಮ ಮನಿಯವರು.” ಚಾಪೆ ಹಾಸುತ್ತಿದ್ದ ಹೆಣ್ಣುಮಗಳು ಹಾಗೇ ನಿಂತಳು. ಅವರನ್ನು ನೋಡಿದಳು, ನನ್ನ ತಾಳಿ ನೋಡಿದಳು. “ಅಂದ್ರ ಖರೇನ ಅದಾರೇನ್ರಿ!” ಎಂದವಳು ನಾಲಿಗೆ ಕಚ್ಚಿಕೊಂಡು, ಚಹಾ ಮಾಡುತ್ತೇನೆಂದು ಒಳಗೆ ಓಡಿದಳು.

ಅವರು ಡಬ್ಬಿ ಕೆಳಗಿಟ್ಟರು. “ಖರೇನ ಅಂದ್ರ? ಇಷ್ಟ ದಿನ ಇವರಿಗೆ ನೀ ಏನಂತ ಹೇಳಿದ್ದಿ?”

“ಮಿಲ್ಟ್ರಿಯಾಗ ಅದಾರ, ಬರ್ತಾರ ಅಂತಿದ್ದೆ. ಗಂಡ ಬಿಟ್ಟಾಕೀನೂ ಹಂಗs ಹೇಳ್ತಾಳಲ್ರಿ. ಅದಕ್ಕ ಪಾಪ ಅಂತ ಕೇಳೂದು ಬಿಟ್ರು.”

ಅವರು ಚಾಪೆಯ ತುದಿಗೆ ಕುಳಿತರು. ಆ ಹೆಣ್ಣುಮಗಳು ಚಹಾ ಹಿಡಿದು ಬಂದಾಗ ಎದ್ದು ನಿಂತರು. ಸಾಹೇಬರ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತು ತಮ್ಮ ಹೆಸರು, ಊರು, ಇಷ್ಟು ವರ್ಷ ಎಲ್ಲೆಲ್ಲಿ ಇದ್ದರು, ಯಾವ ಗಾಡಿ ಓಡಿಸಿದರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಕಡೆಗೆ ಒಂದು ಕ್ಷಣ ತಡೆದು, “ಈಕಿ ಗಂಡ ನಾನ್ರಿ” ಅಂದರು.